ಡ್ರೈವರ್ ಸಿಕ್ಕಿಲ್ಲ

ದಾವಣಗೆರೆ ಎಪಿಎಂಸಿ, ಹಿಂದಿನ ಗೇಟಿನ ವೇ ಬ್ರಿಡ್ಜು.
ಸಂಜೆ ಆರೂವರೆ, ಮೆಕ್ಕೆಜೋಳದ ಹಂಗಾಮು.
ಕಬ್ಬಿಣದ ಹಾಸಿನ ಮೇಲೆ
ಜಗಳೂರಿನಿಂದ ಬಂದ ಹತ್ತು ಗಾಲಿ.
ತೂಕ ಸಿಕ್ಕಿದೆ. ಚೀಟಿ ಬರುತ್ತಿಲ್ಲ.

ಪರದೆ ಹೇಳುತ್ತದೆ: ಡ್ರೈವರ್ ಸಿಕ್ಕಿಲ್ಲ.
ನಾನದನ್ನು ಬಾಯಿಬಿಟ್ಟು ಓದಿದ್ದೇ ತಪ್ಪು.
ಕಿಟಕಿಯಲ್ಲಿ ಮೊದಲು ಟವೆಲ್ಲು, ಆಮೇಲೆ ಚಮನ್‌ಸಾಬರ ಮುಖ:
"ಇಲ್ಲೇ ಅದೀನಲ್ಲವ್ವಾ,
ಚಾ ಕುಡಿಯಾಕೂ ಇಳಿದಿಲ್ಲ."

ಹೋದ ತಿಂಗಳು ವೈರಸ್ ಹೊಕ್ಕು ಲೆಕ್ಕ ತಿಂದಾಗ
ಇಮ್ತಿಯಾಜ್ ಬಂದು ಹಳೆಯದನ್ನು ಕಿತ್ತು ಲಿನಕ್ಸ್ ಹಾಕಿದ.
ಕಾಸೂ ಇಲ್ಲ, ಕಾಯಿಲೆಯೂ ಇಲ್ಲ ಅಂದ.
ಮಾಲೀಕರಿಗೆ ಮೊದಲನೆಯದೇ ಸಾಕಾಯಿತು.
ಪ್ರಿಂಟರಿನ ಮಾತು ಯಾರೂ ಎತ್ತಲಿಲ್ಲ.
ಒಂಬತ್ತು ಸೂಜಿಯ ಮುದುಕಿ ಅದು,
ರಿಬ್ಬನ್ ಒಣಗಿದರೆ ನಾನೇ ಸ್ಟಾಂಪ್ ಪ್ಯಾಡಿನ ಶಾಯಿ ಕುಡಿಸುತ್ತೇನೆ.
ಜೊತೆಗೆ ಬಂದ ಸಿ.ಡಿ. ದೇವರ ಪಟದ ಹಿಂದಿದೆ;
ಅದಕ್ಕೆ ಗೊತ್ತಿರುವುದು ಎರಡು ವಿಂಡೋಸು,
ಎರಡೂ ತೀರಿಕೊಂಡಿವೆ.
ಕಂಪನಿಗೆ ಫೋನ್ ಮಾಡಿದರೆ
ಒಂದನ್ನು ಒತ್ತಿ, ಎರಡನ್ನು ಒತ್ತಿ.

ಇಮ್ತಿಯಾಜ್ ಹೊನ್ನಾಳಿಯ ಮದುವೆಯಲ್ಲಿ.
ಫೋನಿನೊಳಗಿಂದ ಬ್ಯಾಂಡು, ಅದರೊಳಗಿಂದ ಅವನು:
ಕಪ್ಪು ಕಿಟಕಿ ತೆಗಿ ಅಕ್ಕಾ. ಅಡ್ಡಗೆರೆ ಅಲ್ಲ, ಓರೆಗೆರೆ.
ನಡುವೆ ಯಾರೂ ಬೇಡ, ಸೀದಾ ಪೋರ್ಟಿಗೇ ಸುರಿ.
ಸುರಿದೆ. ಮುದುಕಿ ಕಿರ್ರೆಂದಳು.
27640 ನೆಟ್ಟಗೆ ಬಂತು.
ಹೆಸರಿನ ಜಾಗದಲ್ಲಿ ಮಾತ್ರ ಪ್ರಶ್ನೆಚಿಹ್ನೆಗಳು,
ಗೋಡೆಗೆ ಕುಡುಗೋಲು ನೇತು ಹಾಕಿದ ಹಾಗೆ.

ಚಮನ್‌ಸಾಬ್ ಚೀಟಿಯನ್ನು ಬಲ್ಬಿಗೆ ಹಿಡಿದು ನೋಡಿದರು.
"ಓದಾಕ ಬರಲ್ಲ ನನಗ.
ಆದ್ರ ನನ್ನ ಹೆಸರಿನ ಆಕಾರ ಗೊತ್ತದ.
ಇದು ನಾನಲ್ಲ."

ಹಿಂದೆ ಹನ್ನೊಂದು ಲಾರಿ.
ಯಾರೋ ಹಾರ್ನಿನ ಮೇಲೆ ಕೈಯಿಟ್ಟು ಮರೆತೇಬಿಟ್ಟರು.

ಕಂಪನಿ ಹೆಸರು ಹುಡುಕಬೇಡ ಅಕ್ಕಾ,
ಪಟ್ಟಿಯ ತಳಕ್ಕೆ ಇಳಿ. ಸಾಧಾರಣ, ಒಂಬತ್ತು ಸೂಜಿ.
ಇತ್ತು. ಎಲ್ಲ ಹೆಸರುವಾಸಿಗಳ ಕೆಳಗೆ, ಕುಲಗೋತ್ರವಿಲ್ಲದೆ.
ಆ ಫೈಲಿನ ತಲೆಯಲ್ಲಿ ಯಾರದೋ ಹೆಸರು, ಊರಿಲ್ಲ;
ಇಸವಿ, ನಾನು ಎಸ್ಸೆಸ್ಸೆಲ್ಸಿ ಫೇಲಾದ ಇಸವಿ.
ಆ ಮನುಷ್ಯ ಮೆಕ್ಕೆಜೋಳದ ಲಾರಿ ಕಂಡಿರಲಿಕ್ಕಿಲ್ಲ.
ಈ ಮುದುಕಿಯನ್ನೋ ಇವಳ ಅಕ್ಕನನ್ನೋ ಎದುರಿಗೆ ಕೂರಿಸಿಕೊಂಡು
ಒಂದು ಅಂಗುಲಕ್ಕೆ ಎಷ್ಟು ಚುಕ್ಕಿ,
ಎಲ್ಲಿ ತಿರುಗುತ್ತಾಳೆ, ಎಲ್ಲಿ ಉಸಿರು ಬಿಡುತ್ತಾಳೆ,
ಕೇಳಿ ಕೇಳಿ ಬರೆದಿಟ್ಟು ಹೋಗಿದ್ದಾನೆ.
ಇವಳಿಗೆ ಅಕ್ಷರ ಕೊಡಬೇಡಿ, ಚಿತ್ರ ಕೊಡಿ ಅಂತ.

ಒತ್ತಿದೆ.
ಮೊದಲ ಓಟಕ್ಕೆ ಬರೀ ತಲೆಕಟ್ಟು.
ಎರಡನೆಯದಕ್ಕೆ ಹೊಟ್ಟೆಗಳು.
ಮೂರನೆಯದಕ್ಕೆ ಮೆಕ್ಕೆಯ ಕೆಳಗಿನ ಒತ್ತು,
ಜಗಳೂರಿನ ಬಾಲ.
ಕನ್ನಡದ ಒಂದಕ್ಷರ ತಿಳಿಯದವಳು
ಚಮನ್‌ಸಾಬರನ್ನು ಕಾಗದದ ಮೇಲೆ ತಂದು ನಿಲ್ಲಿಸಿದಳು.

"ಹಾಂ," ಅಂದರು ಅವರು. "ಈಗ ನಾನು."
ನನ್ನ ಪೆನ್ನು ಇಸಿದುಕೊಂಡು, ನಾಲಿಗೆ ಕಚ್ಚಿ
ಸಹಿ ಬಿಡಿಸಲು ಕೂತರು:
ಮೊದಲು ಮೇಲಿನ ಕೊಂಬುಗಳನ್ನೆಲ್ಲ ಸಾಲಾಗಿ ಇಟ್ಟರು,
ಆಮೇಲೆ ಹೊಟ್ಟೆ.
ನಾನು ಒಮ್ಮೆ ಅವರ ಕೈ, ಒಮ್ಮೆ ಪ್ರಿಂಟರು ನೋಡಿದೆ.

ಅದು ನಿಂತಿರಲಿಲ್ಲ.
ಸಿಟ್ಟಿನಲ್ಲಿ ನಾನು ಒತ್ತಿದ್ದೆಲ್ಲ ಒಳಗೆ ಸರದಿ ನಿಂತಿತ್ತಲ್ಲ,
ಇನ್ನೂ ಒಂಬತ್ತು ಚಮನ್‌ಸಾಬರು ಬಂದರು,
ಒಬ್ಬರ ಹಿಂದೊಬ್ಬರು, ಎಲ್ಲರೂ 27640.
"ಇಷ್ಟು ಜೋಳ ಇದ್ದಿದ್ರ," ಅಂತ ಅವರು ನಗುತ್ತಾ
ಕ್ಯಾಬಿನ್ ಹತ್ತಿದರು.

ಲಾರಿ ಇಳಿಯಿತು. ಕಾಟಾ ಸೊನ್ನೆಗೆ ಬರಲಿಲ್ಲ,
ಇಪ್ಪತ್ತು ಕೆಜಿಯಲ್ಲಿ ನಿಂತಿತು.
ಟೈರಿನ ಮಣ್ಣಿರಬೇಕು.
ಪೊರಕೆ ಹಿಡಿದು ಹೊರಗೆ ಬಂದೆ.