ಸುಡಲಿಕ್ಕೆ ಮುನ್ನೂರು ಕಟ್ಟು

ಬಾರಕೂರಿನ ಹಳೇ ಬಸದಿಯಿಂದ ಈಚೆ, ಗದ್ದೆಯಲ್ಲಿ ಸೆಟ್ಟು.
ಸಾವಿರ ವರ್ಷ ಹಿಂದಿನ ಪಂಡಿತೆಯ ಕತೆಯಂತೆ.
ನೆರಳು ಅಳೆದು ಗ್ರಹಣ ಹೇಳುತ್ತಿದ್ದಳಂತೆ,
ಎರಡು ಮತದವರು ಬಡಿದಾಡುವಾಗ
ನಡುವೆ ಸಿಕ್ಕಿದಳಂತೆ.
ನನಗೆ ವಹಿಸಿದ್ದು ಅವಳ ಪುಸ್ತಕಶಾಲೆ:
ಓಲೆಗರಿ, ಮುನ್ನೂರು ಕಟ್ಟು,
ಸುಡಲಿಕ್ಕೆ.

ನಾನು ಬೋರ್ಡು ಬರೆಯುವವ.
ಬಸ್ಸಿನ ಹಣೆಗೆ ಊರು, ದೋಣಿಯ ಮೂತಿಗೆ ಹೆಸರು.
ಫ್ಲೆಕ್ಸು ಬಂದ ಮೇಲೆ ಕೈ ಖಾಲಿ.
ಕಾಪುವಿನಿಂದ ತಾಳೆಗರಿ ತರಿಸಿ
ಅರಸಿನ ನೀರಲ್ಲಿ ಬೇಯಿಸಿ, ಒಣಗಿಸಿ,
ಏನು ಬರೆಯಲಿ ಎಂದು ಕೇಳಿದೆ.
‘ಎಂತಾದರೂ ಗೀಚು ಮಾರಾಯ,
ಕ್ಯಾಮರಾಕ್ಕೆ ಓದಲು ಬರುತ್ತದಾ?’

ಗೀಚಲು ಕೈ ಒಪ್ಪಲಿಲ್ಲ.
ಮೊದಲ ಕಟ್ಟಿಗೆ ಬಸ್ಸಿನ ದಾರಿ:
ಬ್ರಹ್ಮಾವರ, ಉಪ್ಪೂರು, ಸಂತೆಕಟ್ಟೆ.
ಆಮೇಲೆ ಬೂತಾಯಿ, ಬಂಗುಡೆ, ಕಾಣೆ,
ಯಾವ ತಿಂಗಳಲ್ಲಿ ಯಾವುದಕ್ಕೆ ನೆಣ.
ಅಮ್ಮನ ಕೆಮ್ಮಿನ ಕಷಾಯ.
ಫುರ್ಟಾದೊ ಮೇಷ್ಟ್ರು ಬಾರಿಸಿ ಕಲಿಸಿದ ಹದಿನೇಳರ ಮಗ್ಗಿ.
ನಮ್ಮ ಬಾವಿಯ ನೀರು ಯಾವ ವರ್ಷ
ಎಷ್ಟು ಕೋಲು ಇಳಿಯಿತು.
ನೂರನೇ ಕಟ್ಟಿಗೆ ಬರುವಾಗ
ಇವು ಸುಡಲಿಕ್ಕೆ ಎಂಬುದೇ ಮರೆತಿತ್ತು.

ಗಲಾಟೆಗೆ ಜನ ಸಾಲಲಿಲ್ಲ.
ಬೆಳಿಗ್ಗೆ ಬಿಳಿ ಮುಂಡಾಸು ಕಟ್ಟಿ ಕೂಗಿದವರೇ
ಊಟದ ಮೇಲೆ ಕೆಂಪು ಕಟ್ಟಿ ಎದುರು ನಿಂತರು.
ಹಂಗಾರಕಟ್ಟೆಯ ಬೂದ ಮರಕಾಲ
ಎರಡೂ ಕಡೆಯವರನ್ನು ಬೈದು ಗಂಟಲು ಕಟ್ಟಿ,
ಸೋಡಾ ಹಿಡಿದು ಕೇಳಿದ:
‘ಈಗ ನಾನು ಯಾರು?’

ಕಲ್ಲು ಥರ್ಮೋಕೋಲಿನದ್ದು.
ಪಂಡಿತೆಯ ಭುಜಕ್ಕೆ ತಾಗಿ ಗಾಳಿಗೆ ಹಾರಿದರೆ
ಹುಡುಗರಿಗೆ ನಗು. ಕಟ್.
ಇನ್ನೊಮ್ಮೆ. ಮತ್ತೆ ನಗು. ಕಟ್.
ಆರನೇ ಟೇಕಿಗೆ ಯಾರೂ ನಗಲಿಲ್ಲ.
ನನಗೆ ಹೆದರಿಕೆಯಾದದ್ದು ಆಗ.

ಬೆಂಕಿಗೆ ಮೊದಲು ಆ ಹುಡುಗಿ, ಪಾತ್ರದವಳು,
ಮೆಟ್ಟಿಲಲ್ಲಿ ಕೂತು ಒಂದು ಗರಿ ಓದುತ್ತಿದ್ದಳು.
‘ಇದೇನು?’
ನಮ್ಮ ಬಾವಿ, ಅಂದೆ.
‘ಹತ್ತೊಂಬತ್ತು ವರ್ಷದ್ದಾ?’
ಅಪ್ಪ ಗೋಡೆಯಲ್ಲಿ ಗೆರೆ ಎಳೆದಿಟ್ಟದ್ದು, ಅಂದೆ.
ಅವಳು ಬೆರಳಿಟ್ಟು ಕೊನೆಯವರೆಗೂ ಓದಿದಳು.

ಹೊತ್ತಿದಾಗ ಅರಸಿನದ ವಾಸನೆ,
ಮದುವೆ ಮನೆಯ ಹಿತ್ತಿಲ ಹಾಗೆ.
ಬೆಂಕಿ ಕೊಟ್ಟವರಿಗೂ ಹಸಿವಾಯಿತು.

ಉಡುಪಿಯಲ್ಲಿ ಸಿನಿಮಾ ಬಂದಾಗ ನೋಡಿದೆ.
ಹೊಗೆಯೊಳಗಿಂದ ಅವಳು
ಒಂದೇ ಕಟ್ಟನ್ನು ಎದೆಗೆ ಅವಚಿ ಓಡುತ್ತಾಳೆ.
ಪಕ್ಕದವರು ‘ಗ್ರಹಣದ ಲೆಕ್ಕ’ ಎಂದು ಹೆಂಡತಿಗೆ ವಿವರಿಸಿದರು.
ಅಂಚಿಗೆ ನಾನು ಕಟ್ಟಿದ ನೀಲಿ ದಾರ
ನನಗೆ ಕಂಡಿತು.
ಹೆಸರುಗಳು ಮೇಲೇರುವ ಮೊದಲೇ ಲೈಟು ಹಾಕಿದರು.

ಈ ಸಲ ನೀರು ಅರ್ಧ ಕೋಲು ಹೆಚ್ಚು ಇಳಿದಿದೆ.
ಗರಿ ಒಂದೂ ಉಳಿದಿಲ್ಲ.
ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ.