ಕೋಷ್ಟಕ ೪.೩

ಐದು ಪ್ರತಿ. ಕಪ್ಪು ರೆಕ್ಸಿನ್, ಹೊನ್ನಿನ ಅಕ್ಷರ.
ಬೆನ್ನ ಮೇಲೆ ಹೆಸರು ಹಿಡಿಸಲಿಲ್ಲವೆಂದು
ಪಣಜಿಯ ಬೈಂಡರಿನವನು ದ್ಯಾಮವ್ವನನ್ನು ಕತ್ತರಿಸಿ
ಡಿ. ಹುಲ್ಲೊಳ್ಳಿ ಮಾಡಿಬಿಟ್ಟಿದ್ದಾನೆ.
ಇರಲಿ. ಊರ ದೇವಿಗೆ ಇಲ್ಲಿ ಇನಿಷಿಯಲ್ ಸಾಕು.

ತಾಳಗಾಂವ್ ಗುಡ್ಡದ ಮೇಲೆ ಮೇ ತಿಂಗಳ ಬಿಸಿಲು.
ಬಾಕಿ ಇಲ್ಲ ಎಂಬ ಚೀಟಿಗೆ ಬೆಳಗಿನಿಂದ ಏಳು ಸಹಿ.
ಗ್ರಂಥಾಲಯ, ಹಾಸ್ಟೆಲ್, ಪ್ರಯೋಗಾಲಯ;
ಒಂದು ದಿನವೂ ಚೆಂಡು ಮುಟ್ಟದ ನನ್ನ ಮೇಲೆ
ಕ್ರೀಡಾ ವಿಭಾಗದಲ್ಲೂ ಏನೂ ಬಾಕಿ ಇಲ್ಲವಂತೆ.
ಒಡೆದ ಬೀಕರಿಗೆ ನೂರಾ ಎಂಬತ್ತು ರೂಪಾಯಿ ಕಟ್ಟಿ
ರಸೀತಿ ಮಡಚಿಟ್ಟುಕೊಂಡೆ.

ಯಂತ್ರ ಓದಿ ಹೇಳಿದೆ: ಶೇಕಡಾ ಏಳು ಪರರದ್ದು.
ಉಳಿದದ್ದು ನಿನ್ನದೇ ಎಂದು
ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ರುಜು ಹಾಕು.
ಹಾಕಿದೆ.
ಮೂರನೆಯದಕ್ಕೆ ಪೆನ್ನು ಸ್ವಲ್ಪ ತಡೆಯಿತು.

ಆರು ವರ್ಷ ಚೊಡಣ ದ್ವೀಪದ ಗಜನಿ ಗದ್ದೆಗಳಲ್ಲಿ
ನಾನು ಅಳೆದದ್ದು ಉಪ್ಪು.
ಹೊಳೆ ಗದ್ದೆಗೆ ನುಗ್ಗುವ ಬಾಯಲ್ಲೊಂದು ಮರದ ಬಾಗಿಲು,
ಭರತಕ್ಕೆ ತಾನೇ ಮುಚ್ಚಿ, ಇಳಿತಕ್ಕೆ ತಾನೇ ತೆರೆಯುವಂಥದ್ದು.
ಇಲ್ಲಿಯವರು ಅದನ್ನು ಮಾನಸ ಅನ್ನುತ್ತಾರೆ.
ಮೊದಲ ದಿನ ಕೇಳಿ ನಕ್ಕಿದ್ದೆ:
ಮಾನಸಕ್ಕೂ ಹುಳ ಹಿಡಿಯುತ್ತದೆಯೇ?
'ಹಿಡಿಯುತ್ತೆ ಬಾಯೇ, ವರ್ಷಕ್ಕೊಮ್ಮೆ ಟಾರು ಬಳಿಯಬೇಕು'
ಅಂದಿದ್ದ ಬೊಸ್ತಿಯಾಂವ್, ಅದನ್ನು ಕಾಯುವ ಮುದುಕ.

ಪಂದ್ಯ ಕಟ್ಟಿ ಇಪ್ಪತ್ತು ಸಲ
ಅವನ ನಾಲಿಗೆಯನ್ನು ನನ್ನ ಮೀಟರಿಗೆ ಹೋಲಿಸಿದ್ದೆ.
ಒಂದು ಅಂಕಿಗಿಂತ ಹೆಚ್ಚು ಆಚೀಚೆ ಆಗಿರಲಿಲ್ಲ.
ಇಪ್ಪತ್ತು ಚಹಾದ ದುಡ್ಡೂ ನನ್ನದೇ.

ಆಗಸ್ಟ್ ಹದಿನೇಳು. ನನಗೆ ಚಳಿಜ್ವರ.
ಬೈನಾದ ಮನೆಯಲ್ಲಿ ಅವ್ವ ಮೂರು ಚಾದರ ಹೊದಿಸಿ
'ನೀ ಒಂದಿನ ಹೋಗಲಿಲ್ಲಂದ್ರ ಸಮುದ್ರ ಬತ್ತಂಗಿಲ್ಲ, ಮಲಕೋ' ಅಂದಳು.
ರಾತ್ರಿ ಫೋನು. ಆ ಕಡೆ ಮಳೆಯ ಸದ್ದು.
'ನೀನು ಬರಲಿಲ್ಲವಲ್ಲ, ನಾನೇ ನೆಕ್ಕಿ ನೋಡಿದೆ.
ಹನ್ನೊಂದು. ಬರಕೋ.'
ಬರಕೊಂಡೆ.

'ಯಾವ ಉಪಕರಣ?' ಕೇಳಿದರು ಪ್ರಭುದೇಸಾಯಿ ಮೇಡಂ.
ನಾಲಿಗೆ, ಅಂದೆ.
ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.
ಹನ್ನೊಂದರ ಮೇಲೆ ಕೆಂಪು ಪೆನ್ನು ಹಾಯಿತು.
ಅವರದು ಸರಿ. ನಾಳೆ ನನ್ನ ವಿದ್ಯಾರ್ಥಿ ತಂದರೆ
ನಾನೂ ಹೊಡೆದುಹಾಕುತ್ತೇನೆ.
ಈಗ ನೂರಾ ಹನ್ನೆರಡನೇ ಪುಟದಲ್ಲಿ, ಆ ಮನೆಯೊಳಗೆ,
ಒಂದು ಅಡ್ಡಗೆರೆ ಮಲಗಿದೆ.
ಕೆಳಗೆ ಸಣ್ಣಕ್ಷರ: ಮಾಹಿತಿ ಲಭ್ಯವಿಲ್ಲ.

ಲಭ್ಯವಿತ್ತು.

ಮೂರೂ ನಲವತ್ತಕ್ಕೆ ಮೊಹರು ಬಿತ್ತು.
ಗುಮಾಸ್ತ ನಾಲ್ಕು ಪ್ರತಿ ಎಳೆದುಕೊಂಡು
ಐದನೆಯದನ್ನು ನನ್ನ ಕಡೆ ತಳ್ಳಿದ.
'ಆಯಿತು, ಇನ್ನೇನೂ ಬಾಕಿ ಇಲ್ಲ.'
ಉಪ್ಪುಂಡದ್ದಕ್ಕೆ ಯಾವ ಕೌಂಟರು ಎಂದು ಕೇಳಬಹುದಿತ್ತು;
ಪಾಪ, ಅವನ ಚಹಾ ಆರುತ್ತಿತ್ತು.

ರಾಯಬಂದರದಿಂದ ಫೆರ್ರಿ. ಸ್ಕೂಟರುಗಳ ನಡುವೆ
ಪುಸ್ತಕವನ್ನು ಮಗುವಿನಂತೆ ಅಲ್ಲ,
ಗ್ಯಾಸ್ ಸಿಲಿಂಡರಿನಂತೆ ಎರಡೂ ಕಾಲ ಸಂದಿಯಲ್ಲಿ ಇಟ್ಟುಕೊಂಡು ನಿಂತೆ.

ಬೊಸ್ತಿಯಾಂವ್ ಏಡಿ ಬಿಡಿಸುತ್ತಿದ್ದ.
ಚಡ್ಡಿಗೆ ಕೈ ಒರೆಸಿ, ಎತ್ತಿ ತೂಗಿ ನೋಡಿದ.
'ಒಂದೂವರೆ ಕಿಲೋ. ಇಷ್ಟೂ ನಮ್ಮ ನೀರೇ?'
ಇಷ್ಟೂ.
ಇಂಗ್ಲಿಷು ಬಾರದು ಅವನಿಗೆ. ಆದರೂ ಬದುವಿನ ಮೇಲೆ ಕೂತು
ತೋರುಬೆರಳನ್ನು ನಾಲಿಗೆಗೆ ಒತ್ತಿ
ಒಂದು ಹಾಳೆ ತಿರುವಿದ.
ಮತ್ತೆ ಒತ್ತಿ ಇನ್ನೊಂದು.

ಹಿಂದೆ ಭರತ ಏರಿ ಮಾನಸದ ಹಲಗೆ
ಗೊಣಗುತ್ತ ಮುಚ್ಚಿಕೊಂಡಿತು.
ಮೂವತ್ತೊಂದನೇ ಪುಟ. ಬೆಳಕು ಇಳಿಯುತ್ತಿದೆ.
ಅವನಿಗೆ ಅವಸರವಿಲ್ಲ, ನನಗೂ.
ತಿರುವಿದ ಒಂದೊಂದು ಹಾಳೆಯ ಮೂಲೆಯೂ
ತುಸು ಒದ್ದೆ.