ಕೊನೆಯ ಎರಡು ಅಂಕಿ

ಮಾಚೇನಹಳ್ಳಿಯ ಶೆಡ್ಡುಗಳ ಸಾಲಿನಲ್ಲಿ
ಫೌಂಡ್ರಿಗೂ ಅವಲಕ್ಕಿ ಮಿಲ್ಲಿಗೂ ನಡುವೆ
ಕಿಟಕಿಯಿಲ್ಲದ ಒಂದು ಕೋಣೆ.
ಚಪ್ಪಲಿ ಹೊರಗೆ. ಒಳಗೆ ಇಪ್ಪತ್ತಮೂರು ಡಿಗ್ರಿ,
ಬೇಸಿಗೆಗೂ ಅದೇ, ಶ್ರಾವಣಕ್ಕೂ ಅದೇ.
ಏಳಕ್ಕೇ ಬಂದು ಸ್ವಿಚ್ಚು ಒತ್ತಿದ್ದೇನೆ.
ಯಂತ್ರದ ಮೈ ಬೆಚ್ಚಗಾಗಲು ಎರಡು ಗಂಟೆ;
ಅಷ್ಟರಲ್ಲಿ ಡಬ್ಬಿಯ ಅಕ್ಕಿರೊಟ್ಟಿ ತಣ್ಣಗಾಗುತ್ತದೆ.

ಇವತ್ತು ಬಂದಿರುವುದು ರೋಗಿಯಲ್ಲ,
ಉಳಿದವರ ರೋಗ ಹೇಳುವ ಯಂತ್ರ.
ಜಿಲ್ಲೆಯ ಎಷ್ಟೋ ಮೀಟರು ಇದರೆದುರು ನಿಂತು
ತಲೆ ತಗ್ಗಿಸಿ ಹೋಗಿವೆ.
ವರ್ಷಕ್ಕೊಮ್ಮೆ ಇದಕ್ಕೂ ಪರೀಕ್ಷೆ:
ಹತ್ತು ವೋಲ್ಟು ಕೊಡು ಎಂದರೆ
ಹತ್ತೇ ಕೊಡುತ್ತೀಯಾ,
ದಶಾಂಶದಾಚೆಯ ಆರನೇ ಮನೆಯವರೆಗೂ?

ತಾಮ್ರದ ತಂತಿ, ತಾಮ್ರದ ತುದಿ,
ನಡುವೆ ಹಿತ್ತಾಳೆಯ ಸಂಗ ಬೇಡ.
ಮೊದಲು ಸೊನ್ನೆ.
ಎರಡು ತುದಿ ಕೂಡಿಸಿ, ಏನೂ ಇಲ್ಲದಲ್ಲಿ
ನಿಜಕ್ಕೂ ಏನೂ ಇಲ್ಲವೇ ಎಂದು ನೋಡುವುದು.
ಏನೋ ಇರುತ್ತದೆ. ಯಾವಾಗಲೂ ಏನೋ ಇರುತ್ತದೆ.
ಅದನ್ನು ಕಳೆದು, ಬರೆದುಕೊಂಡು, ಮುಂದಕ್ಕೆ.

ಒಂದು ವೋಲ್ಟು, ಸರಿ. ಮೈನಸ್ ಒಂದು, ಅದೂ ಸರಿ.
ಹತ್ತಕ್ಕೆ ಬಂದಾಗ
ಆರು ಅಂಕಿ ಕಲ್ಲಿನಂತೆ ಕೂತವು, ಕೊನೆಯೆರಡು
ಕಾದ ಹಂಚಿನ ಮೇಲೆ ಬಿದ್ದ ಹನಿ.
ನಲವತ್ತೊಂದು ಮೈಕ್ರೋವೋಲ್ಟು ಹೆಚ್ಚು.
ಮಿತಿ ಮೂವತ್ತೆಂಟು.

ಗುರುಶಾಂತಪ್ಪನವರ ಫೋನು:
"ಗೇಟಲ್ಲಿ ಜೀಪು ನಿಂತೈತೆ. ಮೂರು ಮೈಕ್ರೋ ತಾನೇ,
ಯಾರ ಮನೆಗೆ ಬೆಂಕಿ ಬೀಳುತ್ತೆ?
ಫೌಂಡ್ರಿಯೋರು ವೆಲ್ಡಿಂಗ್ ಹಚ್ಚಿದ್ರೆ
ನಮ್ಮ ಲೈನೇ ನೂರೆಂಬತ್ತಕ್ಕೆ ಇಳಿಯುತ್ತೆ!"

ಅರುಳಪ್ಪನವರು ನೆನಪಾದರು.
ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮೀಟರು ವಿಭಾಗ.
ಗಾಜಿನೊಳಗೆ ಪಾದರಸ ನಿಂತ ಸ್ಟ್ಯಾಂಡರ್ಡ್ ಸೆಲ್ಲನ್ನು
ಬೆಂಗಳೂರಿಂದ ತರುವಾಗ ರಾತ್ರಿ ರೈಲಿನಲ್ಲಿ
ತೊಡೆಯ ಮೇಲಿಟ್ಟು ಅಲುಗದೆ ಕೂತವರು,
ಅರಸೀಕೆರೆಯಲ್ಲಿ ಚಹಾಕ್ಕೂ ಇಳಿಯದವರು.
ಎದುರಿನ ಹೆಂಗಸು "ಮಗುವಿನ ಔಷಧಿಯೇ?" ಎಂದಾಗ
"ಇಲ್ಲಮ್ಮ, ಒಂದು ವೋಲ್ಟು, ಮೇಲೆ ಸ್ವಲ್ಪ" ಎಂದವರು.
ನನಗೆ ಹೇಳಿಕೊಟ್ಟಿದ್ದು ಇಷ್ಟೇ:
ಅಂಕಿ ತಪ್ಪಿದೆ ಅನ್ನಿಸಿದರೆ ಮೊದಲು ನಿನ್ನ ಕೈ ನೋಡಿಕೊ.

ನೋಡಿಕೊಂಡೆ.
ತಿರುಪು ಬಿಗಿದದ್ದು ಇದೇ ಹೆಬ್ಬೆರಳು, ಇದೇ ತೋರುಬೆರಳು.
ಲೋಹದಿಂದ ಲೋಹಕ್ಕೆ ನನ್ನ ಮೈಬಿಸಿ ದಾಟಿ
ವೋಲ್ಟಿನ ವೇಷ ಹಾಕಿ
ಪರದೆಯ ಮೇಲೆ ಕುಣಿಯುತ್ತಿದೆ.

ಗಾಳಿ ತಾಗದಂತೆ ಮುಚ್ಚಳ ಹಾಕಿ
ಕೈಕಟ್ಟಿ ಹಿಂದೆ ಸರಿದೆ,
ಉಸಿರನ್ನೂ ಆ ಕಡೆ ಬಿಡದೆ.
ಮೂವತ್ತೊಂಬತ್ತು. ಮೂವತ್ತೇಳು.
ಪಕ್ಕದಲ್ಲಿ ಅವಲಕ್ಕಿ ಮಿಲ್ಲು ಧಡಧಡ.
ಮೂವತ್ತೇಳು. ಮೂವತ್ತಾರು.
ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.
ಇಪ್ಪತ್ತು ನಿಮಿಷಕ್ಕೆ ಮೂವತ್ತನಾಲ್ಕು. ಅಲ್ಲೇ ನಿಂತಿತು.

ಅಷ್ಟರಲ್ಲಿ ಅವರೇ ಬಂದು ಹೆಗಲ ಮೇಲಿಂದ ನೋಡಿ
"ಪಾಸು" ಅಂದೇಬಿಟ್ಟರು.
ಆದರೆ ಪಕ್ಕದ ಕಾಲಂ ಖಾಲಿಯಿದೆ:
ಅಳೆದವಳ ಮಾತಿನಲ್ಲೇ ಎಷ್ಟು ಹೆಚ್ಚುಕಡಿಮೆ?
ಮೀಟರಿನದು, ತಂತಿಯದು, ಕೋಣೆಯದು, ನನ್ನದು
ಎಲ್ಲ ಕೂಡಿಸಿದೆ. ಎಂಟು.
ಮೂವತ್ತನಾಲ್ಕಕ್ಕೆ ಎಂಟು ಸೇರಿದರೆ ಗೆರೆಯಾಚೆ,
ಕಳೆದರೆ ಈಚೆ.
ಒಳಗೆಂದು ಆಣೆ ಇಡಲಾರೆ, ಹೊರಗೆಂದು ದೂರಲಾರೆ.
ತಿದ್ದಬಹುದು, ಒಂದು ಕೀಲಿ ಒತ್ತಿದರೆ ಸಾಕು;
ಬಂದಾಗ ಹೇಗಿತ್ತೋ ಅದನ್ನು ಬರೆದ ಮೇಲೆ.

ಎರಡನ್ನೂ ಬರೆದೆ. ಚೌಕದಲ್ಲಿ ಗುರುತು ಹಾಕಲಿಲ್ಲ.
"ಏನಮ್ಮಾ ಶಾಕಿರಾ, ಗೊತ್ತಿಲ್ಲ ಅಂತ ಸೀಲು ಒತ್ತಿ ಕೊಡೋದಾ?"
"ಎಂಟರಷ್ಟು ಮಾತ್ರ ಗೊತ್ತಿಲ್ಲ ಸಾರ್."
ಅವರು ನಗಲಿಲ್ಲ. ಸ್ವಲ್ಪ ಹೊತ್ತು ಸೀಲು ಹುಡುಕಿದರು.

ಗೇಟಿನ ಹತ್ತಿರ ಜೀಪಿನ ಡ್ರೈವರು
"ರಿಪೇರಿ ಆಯ್ತಾ?" ಅಂದ.
ಕೆಟ್ಟಿರಲಿಲ್ಲ ಅಂದೆ. ಗುಂಡಿ ಬಂದರೆ ನಿಧಾನ ಅಂದೆ.
ತನ್ನ ಕಂಬಳಿ ಮಡಚಿ ಸೀಟಿಗೆ ಹಾಸಿ
ಯಂತ್ರವನ್ನು ಅದರ ಮೇಲೆ ಕೂರಿಸಿ
ಬೆಲ್ಟು ಎಳೆದ. ಆಮೇಲೆ ಅಂಗೈಯಿಟ್ಟು ನೋಡಿ
ನನ್ನ ಕಡೆ ತಿರುಗಿದ:
"ಇನ್ನೂ ಬೆಚ್ಚಗೈತಲ್ಲ ಮೇಡಂ."